ಹಿಂದೆ ತಿರುಗಿಸಿದ ಹೆಸರು

ಮಾಲಿಂಗ ಪಾತ್ರೆಗಳ ಜೊತೆ ಮಾತಾಡುತ್ತಿದ್ದ. ನಮ್ಮಲ್ಲಿಗೆ ಹೊಸದಾಗಿ ಬಂದವರು ಮೊದಲು ನಗುತ್ತಿದ್ದದ್ದು ಅದಕ್ಕೇ. ಬಿಳಿ ಬಟ್ಟೆಯ ಮೇಲೆ ಒಂದು ಹಿತ್ತಾಳೆ ಚರಗಿ ಇಟ್ಟು, ಕ್ಯಾಮೆರಾದ ಹಿಂದೆ ಮೊಣಕಾಲೂರಿ, “ಗದ್ದಾ ಸ್ವಲ್ಪ ಮ್ಯಾಲ ಮಾಡ್ರಿ, ಹಾಂ, ಹಂಗ ಇರ್ರಿ” ಅನ್ನುತ್ತಿದ್ದ. ಹನ್ನೆರಡು ವರ್ಷ ಹುಕ್ಕೇರಿಯ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆದವನು. ಮದುಮಕ್ಕಳಿಗೆ ಹೇಳಿ ಹೇಳಿ ರೂಢಿಯಾದ ಮಾತು ಪಾತ್ರೆಗಳ ಮುಂದೆಯೂ ಬರುತ್ತಿತ್ತು. ಚರಗಿಗೆ ಗದ್ದ ಎಲ್ಲಿದೆಯೋ ಅವನಿಗೇ ಗೊತ್ತು. ಆದರೆ ಅವನ ಫೋಟೋದಲ್ಲಿ ಚರಗಿ ನಿಜಕ್ಕೂ ತಲೆ ಎತ್ತಿ ನಿಂತ ಹಾಗೆ ಕಾಣುತ್ತಿತ್ತು.

ನಮ್ಮದು ಗೋಕಾಕದ ಒಂದು ಸಣ್ಣ ಸೇವಾ ಸಂಸ್ಥೆ. ಮೂಡಲಗಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಉಳಿದುಕೊಂಡು ಓದಲು ಒಂದು ವಸತಿನಿಲಯ ನಡೆಸುತ್ತದೆ. ಅದರ ಖರ್ಚಿಗಾಗಿ, ಜನ ಬೇಡವೆಂದು ಕೊಟ್ಟ ಹಳೆಯ ಸಾಮಾನುಗಳನ್ನು ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತೇವೆ. ವಾರಕ್ಕೆರಡು ಸಲ ನಮ್ಮ ಟೆಂಪೋ ಕೊಣ್ಣೂರ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳನ್ನು ಸುತ್ತಿ ಬರುತ್ತದೆ. ಹಂಡೆ, ಕೊಡ, ಅಜ್ಜಿಯರ ಇಳಕಲ್ ಸೀರೆ, ನಿಂತುಹೋದ ಗಡಿಯಾರ, ಕರಿ ಕಂಬಳಿ, ಏನು ಬೇಕು ಕೇಳಿ. ಮಾಲಿಂಗ ಅವುಗಳ ಫೋಟೋ ತೆಗೆಯುತ್ತಾನೆ. ಫೋಟೋದ ಕೆಳಗೆ ನಾಲ್ಕು ಸಾಲು ವಿವರ ಬರೆಯುವವಳು ನಾನು. ಗಿರಾಕಿಗಳ ಫೋನ್ ಎತ್ತುವವಳೂ ನಾನೇ. ನನ್ನ ಹೆಸರು ಭಾಗ್ಯಾ. ಮಾಲಿಂಗನ ಬಗ್ಗೆ ಬರೆಯಬೇಕೆಂದು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ತಪ್ಪಿಸಿಕೊಳ್ಳಲು ದಾರಿ ಇದ್ದಿದ್ದರೆ ಖಂಡಿತ ತಪ್ಪಿಸಿಕೊಳ್ಳುತ್ತಿದ್ದೆ.

ಅವನು ಕುರುಬರ ಮನೆಯವನು. ಅಪ್ಪ, ಅಣ್ಣ ಇಬ್ಬರೂ ಕುರಿಯ ಹಿಂದೆ ಹೋದವರು. ಇವನೊಬ್ಬ ಕ್ಯಾಮೆರಾದ ಹಿಂದೆ ಬಿದ್ದ. ಡ್ರೋನ್ ಹಾರಿಸುವವರು, ಮದುವೆಯನ್ನು ಸಿನಿಮಾ ಮಾಡಿಕೊಡುವವರು ಬಂದ ಮೇಲೆ ಸ್ಟುಡಿಯೋಕ್ಕೆ ಕೆಲಸ ಕಡಿಮೆಯಾಯಿತು. ತಿಂಗಳ ಪಗಾರ ಸಿಗುತ್ತದೆ ಎಂದು ನಮ್ಮಲ್ಲಿಗೆ ಬಂದ. ಮೊದಲ ವಾರ ಮುಖ ಸಪ್ಪಗೆ ಮಾಡಿಕೊಂಡಿದ್ದ. ಮನುಷ್ಯರ ಫೋಟೋ ತೆಗೆಯುತ್ತಿದ್ದವನು ತೂತು ಬಿದ್ದ ಹಂಡೆಯ ಫೋಟೋ ತೆಗೆಯುವ ಹಾಗಾಯಿತಲ್ಲ ಎಂದು ನನ್ನ ಮುಂದೆ ಹೇಳಿಕೊಂಡ. ಎರಡನೇ ತಿಂಗಳಿಗೆ ಅದೇ ಹಂಡೆಗಳ ಮೇಲೆ ಅವನಿಗೆ ಮದುಮಕ್ಕಳಿಗಿಂತ ಹೆಚ್ಚು ಪ್ರೀತಿ ಹುಟ್ಟಿತ್ತು. ಪಾತ್ರೆಗಳು ಊಟಕ್ಕೆ ಹೊತ್ತಾಯಿತು ಅನ್ನುವುದಿಲ್ಲ, ಮಾವನ ಫೋಟೋ ಬಿಟ್ಟೆ ಎಂದು ಜಗಳ ತೆಗೆಯುವುದಿಲ್ಲ ಎಂದು ಹೇಳುತ್ತಿದ್ದ.

ಅವನ ಕೆಲಸದ ರೀತಿಯೇ ಬೇರೆ. ಬಡಗಣ ಕಿಟಕಿಯ ಕೆಳಗೆ ಟೇಬಲ್ಲು, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಧೋತರ, ಎರಡು ಪಕ್ಕಕ್ಕೆ ಬೆಳಕು ತಿರುಗಿಸಲು ಥರ್ಮಾಕೋಲ್ ಹಲಗೆ. ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ತಿಕ್ಕುವುದು ಮಾತ್ರ ಕ್ಯಾಮೆರಾಕ್ಕೆ ಕಾಣುವ ಅರ್ಧ. ಮುಂದೆ ಬಂಗಾರದ ಹಾಗೆ ಫಳಫಳ, ಹಿಂದೆ ಒಲೆಯ ಮಸಿ ಹಾಗೇ. ಅರ್ಧ ಜಳಕ ಮಾಡಿಸುತ್ತೀಯಲ್ಲ ಎಂದು ನಾನು ಕಾಡುತ್ತಿದ್ದೆ. ಮದುವೆಗೆ ಬಂದವರು ಮದುಮಗನ ಬೆನ್ನು ನೋಡುತ್ತಾರೇನು ಎಂದು ಅವನು ಕೇಳುತ್ತಿದ್ದ.

ಇನ್ನು ಹೆಸರಿನ ಸಂಗತಿ. ನಮ್ಮ ಕಡೆ ಮಗಳಿಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸದೆ ಕೊಡುವುದಿಲ್ಲ. ಪಾತ್ರೆ ಮಾರುವ ಭಾಂಡೆ ಅಂಗಡಿಯವನು ಸಣ್ಣ ಉಳಿ ಹಿಡಿದು, ಟಕಟಕ ಬಡಿಯುತ್ತ, ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಾನೆ. ಯಾರ ಮಗಳು, ಯಾವ ಊರು, ಯಾರು ಕೊಟ್ಟದ್ದು ಎಲ್ಲ ಕೊಡದ ಭುಜದ ಮೇಲೆ ಇರುತ್ತದೆ. ಸಂಸ್ಥೆ ನೋಡಿಕೊಳ್ಳುವ ಆದಿನಾಥ ಕಾಕಾ ಕೊಣ್ಣೂರಿನಲ್ಲಿ ನಲವತ್ತು ವರ್ಷ ಭಾಂಡೆ ಅಂಗಡಿ ನಡೆಸಿದವರು. ಮನೆಯಲ್ಲಿ ಸಾವಾದಾಗ, ಪಾಲಾದಾಗ ಜನ ಅವಸರದಲ್ಲಿ ಸಾಮಾನು ಕೊಟ್ಟುಬಿಡುತ್ತಾರೆ, ಆಮೇಲೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದು ನಿಯಮ ಮಾಡಿದ್ದರು. ಹೆಸರಿದ್ದ ಪಾತ್ರೆಯಾದರೆ ಹೆಸರು ಓದಲು ಬರುವಂಥ ಒಂದು ಫೋಟೋ ಹಾಕಲೇಬೇಕು, ಹದಿನೈದು ದಿನ ಮಾರಬಾರದು. ಹೆಸರಿಲ್ಲದ್ದನ್ನು ಅವತ್ತೇ ಮಾರಬಹುದು.

ಆದರೆ ಪುಣೆ, ಬೆಂಗಳೂರಿನ ಗಿರಾಕಿಗಳಿಗೆ ಬೇರೆಯವರ ಮನೆಯ ಹೆಸರು ಬೇಕಾಗಿರಲಿಲ್ಲ. ಹೆಸರಿದ್ದ ಕೊಡಗಳು ತಿಂಗಳುಗಟ್ಟಲೆ ಧೂಳು ತಿನ್ನುತ್ತ ಕೂಡುತ್ತಿದ್ದವು. ಒಂದು ದಿನ ಮಾಲಿಂಗ ಒಂದು ಹಂಡೆಯನ್ನು ತಿರುಗಿಸಿ, ಹೆಸರನ್ನು ಗೋಡೆಯ ಕಡೆ ಮಾಡಿ ಫೋಟೋ ತೆಗೆದ. ಎರಡೇ ದಿನಕ್ಕೆ ಹೋಯಿತು. ಆಮೇಲೆ ಇನ್ನೊಂದು, ಮತ್ತೊಂದು. ಹುಣಸೆಹಣ್ಣು ಹಚ್ಚುವ ಬದಿ ಯಾವುದು ಎಂದು ನೋಡಿದರೆ ಸಾಕು, ಹೆಸರು ಎಲ್ಲಿದೆ ಎಂದು ನನಗೆ ತಿಳಿಯುತ್ತಿತ್ತು. ನಾನು ನೋಡಿದೆ, ನಕ್ಕೆ, ಸುಮ್ಮನೆ ವಿವರ ಬರೆದೆ. ಕಾಕಾಗೆ ಕಣ್ಣಿನ ಪೊರೆ, ಫೋನಿನಲ್ಲಿ ಸಣ್ಣ ಚಿತ್ರ ನೋಡಿ ಚಲೋ ಐತಿ ಅನ್ನುತ್ತಿದ್ದರು. ವಸತಿನಿಲಯಕ್ಕೆ ಆ ವರ್ಷ ಹೊಸ ಮಂಚಗಳು ಬಂದವು. ಒಳ್ಳೆಯ ಕೆಲಸಕ್ಕೆ ಮಾಡುವ ಸಣ್ಣ ಮೋಸ ಮೋಸವಲ್ಲ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದೆವು.

ಹೋದ ವರ್ಷ ಶ್ರಾವಣದಲ್ಲಿ ಮೂಡಲಗಿ ಕಡೆಯ ಒಂದು ಹಳ್ಳಿಯಿಂದ ಬಂದ ಚೀಲದಲ್ಲಿ ಒಂದು ಹಿತ್ತಾಳೆ ಕೊಡ ಇತ್ತು. ಚೆಂದದ ಕೊಡ, ಬಾಯಿಯ ಹತ್ತಿರ ಬೆರಳಗಲದ ಒಂದು ತಗ್ಗು. ಅದು ಬಂದ ದಿನ ನಾನು ಬ್ಯಾಂಕಿಗೆ ಹೋಗಿದ್ದೆ. ಮರುದಿನ ಫೋಟೋ ನೋಡಿ ‘ಹಳೆಯ ಕಾಲದ ಭಾರದ ಕೊಡ, ಬಾಯಿಯ ಬಳಿ ಸಣ್ಣ ತಗ್ಗು, ಬೇರೆ ಗುರುತುಗಳಿಲ್ಲ’ ಎಂದು ಬರೆದೆ. ಕೊಡವನ್ನು ನಾನು ಕಣ್ಣಿಂದ ನೋಡಿರಲಿಲ್ಲ.

ನಾಲ್ಕನೇ ದಿನ ಒಂದು ಫೋನ್ ಬಂತು. ಹುಕ್ಕೇರಿ ಕಡೆಯ ದಡ್ಡಿ ಎಂಬ ಹಳ್ಳಿಯಿಂದ, ಕೆಂಪವ್ವ ಎಂಬ ಹೆಂಗಸು. ಮಗಳನ್ನು ಮೂಡಲಗಿ ಕಡೆ ಕೊಟ್ಟಿದ್ದಳಂತೆ. ಮಗಳು ಕಾಮಾಲೆಯಲ್ಲಿ ತೀರಿಕೊಂಡು ಎರಡು ವರ್ಷ. ಅಳಿಯನಿಗೆ ಈಗ ಬೇರೆ ಮದುವೆ. ಹೊಸ ಸೊಸೆ ಬರುವ ಮೊದಲು ಹಳೆಯ ಸೊಸೆಯ ಪಾತ್ರೆಗಳನ್ನು ಬೀಗರು ನಮ್ಮ ಟೆಂಪೋಕ್ಕೆ ಹಾಕಿದರೆಂದು ಯಾರಿಂದಲೋ ಕೇಳಿದ್ದಳಂತೆ. ಪಕ್ಕದ ಮನೆಯ ನಾಗರತ್ನಾ ಎಂಬಾಕೆ ತನ್ನ ಫೋನಿನಲ್ಲಿ ನಮ್ಮ ಅಂಗಡಿಯ ಕೊಡಗಳನ್ನೆಲ್ಲ ಒಂದೊಂದಾಗಿ ತೋರಿಸಿದ್ದಳು. ಒಂದು ಕೊಡದ ತಗ್ಗು ನಮ್ಮ ಕೊಡದ್ದೇ ಅನ್ನಿಸುತ್ತದೆ, ಆದರೆ ಹೆಸರು ಕಾಣುತ್ತಿಲ್ಲ ಎಂದು ಕೆಂಪವ್ವ ನಿಧಾನವಾಗಿ ಹೇಳಿದಳು.

“ಅದರ ಮ್ಯಾಲ ಹೆಸರ ಐತೇನ ನೋಡಿ ಹೇಳ್ತಿಯೇನ ತಂಗೀ? ನನ್ನ ಮಗಳ…”

ಪೂರ್ತಿ ಹೇಳಲು ನಾನು ಬಿಡಲಿಲ್ಲ. ಕೊಡ ಇದ್ದ ಕೋಣೆ ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ. ಎದ್ದು ಹೋಗಿ ನೋಡಿದರೆ ಹೆಸರು ಇರಬಹುದು ಎಂದು ನನಗೆ ಗೊತ್ತಿತ್ತು. ಇದ್ದರೆ, ಅದು ಫೋಟೋದಲ್ಲಿ ಯಾಕಿಲ್ಲ ಎಂದು ಕಾಕಾ ಕೇಳುತ್ತಾರೆ ಎಂಬುದೂ ಗೊತ್ತಿತ್ತು. ನಾನು ಕಂಪ್ಯೂಟರಿನಲ್ಲಿದ್ದ ಫೋಟೋ ನೋಡಿದೆ. ಫೋಟೋದಲ್ಲಿ ಹೆಸರಿರಲಿಲ್ಲ.

“ಇಲ್ರಿ ಅವ್ವಾ. ಇದರ ಮ್ಯಾಲ ಹೆಸರಿಲ್ಲ” ಅಂದೆ.

ಆಕೆ ಹಂಗಾರ ನಮ್ದಲ್ಲ ಬಿಡವಾ ಎಂದು, ತೊಂದರೆ ಕೊಟ್ಟೆ ಎಂದು ಬೇಜಾರು ಮಾಡಿಕೊಂಡು ಫೋನ್ ಇಟ್ಟಳು. ಸಂಜೆ ಚಹಾ ಕುಡಿಯುವಾಗ ಮಾಲಿಂಗನಿಗೆ ಹೇಳಿದೆ, ದಡ್ಡಿಯಿಂದ ಯಾರೋ ಆ ತಗ್ಗಿನ ಕೊಡದ ಬಗ್ಗೆ ಕೇಳಿದರು, ಹೆಸರಿಲ್ಲ ಅಂದೆ ಎಂದು. ಅವನು ಬಸಿಯಲ್ಲಿದ್ದ ಚಹಾ ಕುಡಿಯುವುದನ್ನು ನಿಲ್ಲಿಸಿದ. ಇದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಷ್ಟರಲ್ಲಾಗಲೇ ಆ ಕೊಡವನ್ನು ಪುಣೆಯ ಒಬ್ಬಾಕೆ ಕೊಂಡಾಗಿತ್ತು, ಮರುದಿನ ಕಟ್ಟಿ ಕಳಿಸುವುದಿತ್ತು. ಮರುದಿನ ಬೆಳಿಗ್ಗೆ ಅದನ್ನು ಡಬ್ಬಿಯೊಳಗೆ ಇಟ್ಟು ಟೇಪು ಅಂಟಿಸಿದವನು ಮಾಲಿಂಗ. ಟೇಪು ಕತ್ತರಿಸಿ ಕೊಟ್ಟವಳು ನಾನು. ಬೇಕಾಗಿದ್ದರೆ ಆಗಲೂ ನಿಲ್ಲಿಸಬಹುದಿತ್ತು.

ತಿಂಗಳಾದ ಮೇಲೆ ಕೆಂಪವ್ವ ಮತ್ತೆ ಫೋನ್ ಮಾಡಿದಳು. ಈ ಸಲ ನಾನು ಊಟಕ್ಕೆ ಹೋಗಿದ್ದೆ, ಎತ್ತಿದವರು ಕಾಕಾ. ಬೀಗರ ಮನೆಗೆ ಹೋಗಿ ಕೇಳಿ ಬಂದಿದ್ದಳಂತೆ, ಕೊಟ್ಟದ್ದು ಒಂದೇ ಹಿತ್ತಾಳೆ ಕೊಡ, ನಿಮ್ಮ ಟೆಂಪೋಕ್ಕೇ ಕೊಟ್ಟದ್ದು ಎಂದು ಅವರು ಖಾತ್ರಿಯಾಗಿ ಹೇಳಿದ್ದರು. ನಾನು ಕೇಳಲು ಒಲ್ಲೆ ಅಂದದ್ದನ್ನೆಲ್ಲ ಕಾಕಾ ಕೇಳಿಸಿಕೊಂಡರು. ಮಗಳ ಹೆಸರು ಲಗಮವ್ವ. ಆ ಮನೆಯಲ್ಲಿ ಸಾಲಿ ಕಲಿತವಳು ಅವಳೊಬ್ಬಳೇ. ಮದುವೆಗೆ ಕೊಡ ಕೊಳ್ಳಲು ಹುಕ್ಕೇರಿಯ ಸಂತೆಗೆ ಹೋದಾಗ, ಏನು ಹೆಸರು ಹಾಕಲಿ ಎಂದು ಅಂಗಡಿಯವನು ಕೇಳಿದ್ದ. ನಾನೇ ಬರೆಯುತ್ತೇನೆ ಎಂದು ಹುಡುಗಿ ಅವನ ಕೈಯಿಂದ ಪೆನ್ನು ಕಸಿದುಕೊಂಡು, ಕೊಡದ ಮೇಲೆ ತನ್ನ ಹೆಸರು, ಅಪ್ಪ ಶೆಟ್ಟೆಪ್ಪನ ಹೆಸರು, ದಡ್ಡಿ ಎಂದು ಬರೆದಿದ್ದಳು. ಅವನು ಅದರ ಮೇಲೇ ಚುಕ್ಕಿ ಬಡಿದಿದ್ದ. ಅವಳ ವಹಿಗಳೆಲ್ಲ ಯಾವಾಗಲೋ ರದ್ದಿಗೆ ಹೋಗಿದ್ದವು. ಅವಳ ಕೈಬರಹ ಅಂತ ಉಳಿದದ್ದು ಆ ಕೊಡದ ಮೇಲಿನದು ಒಂದೇ.

ನಾನು ಬಂದಾಗ ಕಾಕಾ ಮಾಲಿಂಗನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದರು. ಆ ಕೊಡಕ್ಕೆ ಹೆಸರಿತ್ತೇ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಕೊಡ ಪುಣೆಯಲ್ಲಿತ್ತು. ಮಾಲಿಂಗ ಸುಳ್ಳು ಹೇಳಲಿಲ್ಲ.

“ಇತ್ರಿ ಕಾಕಾ. ನಾನ ಹಿಂದ ತಿರುಗಿಸಿ ಫೋಟೋ ತಗದೆ.”

ಆಕೆ ಮೊದಲೊಮ್ಮೆ ಕೇಳಿದಾಗ ಹೆಸರಿಲ್ಲ ಎಂದು ಹೇಳಿದವರು ಯಾರು ಎಂದು ಕಾಕಾ ಮುಂದೆ ಕೇಳಿದರು. ಫೋನ್ ಎತ್ತುವವಳು ನಾನೇ ಎಂದು ಅವರಿಗೂ ಗೊತ್ತು. ನಾನು ಬಾಗಿಲಲ್ಲೇ ನಿಂತು ಚೀಲದಲ್ಲಿ ಏನೋ ಹುಡುಕಿದೆ. ಮಾಲಿಂಗ ನನ್ನ ಕಡೆ ನೋಡದೆಯೇ, ಫೋಟೋದಲ್ಲಿ ಕಾಣದ್ದನ್ನು ಯಾರು ತಾನೇ ಹೇಳಲು ಸಾಧ್ಯ, ತಪ್ಪು ಫೋಟೋ ತೆಗೆದವನದು ಅಂದ. ಕಾಕಾ ಅವನನ್ನು ಬೈಯಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ಬೈದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ.

ಪುಣೆಯಾಕೆ ಒಳ್ಳೆಯ ಹೆಂಗಸು. ಕಾಕಾ ಮರಾಠಿಯಲ್ಲಿ ಎಲ್ಲ ತಿಳಿಸಿ ಹೇಳಿದ ಕೂಡಲೇ ಕೊಡವನ್ನು ತನ್ನ ಖರ್ಚಿನಲ್ಲೇ ಕಳಿಸಿಕೊಟ್ಟಳು. ಒಂದು ವಾರಕ್ಕೆ ಡಬ್ಬಿ ಬಂತು. ಮಾಲಿಂಗ ನೆಲದ ಮೇಲೆ ಕೂತು ಬಿಚ್ಚಿದ. ಹೊರಗೆ ತೆಗೆದು ತಿರುಗಿಸಿದ, ಮತ್ತೆ ತಿರುಗಿಸಿದ. ಕೊಡ ಸುತ್ತಲೂ ಒಂದೇ ಸಮ ಹೊಳೆಯುತ್ತಿತ್ತು. ಒಳಗೊಂದು ಚೀಟಿ ಇತ್ತು. ಫೋಟೋದಲ್ಲಿ ಇಲ್ಲದ ಬರಹ ಹಿಂದೆ ಇದ್ದದ್ದರಿಂದ ಅದನ್ನು ತಿಕ್ಕಿಸಿ ಪಾಲಿಶ್ ಹೊಡೆಸಿದೆ, ಅದು ಇಷ್ಟು ಮುಖ್ಯ ಎಂದು ಗೊತ್ತಿರಲಿಲ್ಲ, ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಕ್ಷಮಿಸಿ ಎಂದು ಆಕೆ ಬರೆದಿದ್ದಳು. ಆಕೆಯದೇನು ತಪ್ಪು? ಗುರುತಿಲ್ಲ ಎಂದು ಬರೆದು ಮಾರಿದವರು ನಾವು.

ಮಾಲಿಂಗ ಆವತ್ತು ತನ್ನ ಮೆಮೊರಿ ಕಾರ್ಡುಗಳನ್ನೆಲ್ಲ ಹುಡುಕಿದ. ಆ ಕೊಡದ ಹದಿನೇಳು ಫೋಟೋ ಸಿಕ್ಕವು. ಹದಿನೇಳರಲ್ಲೂ ಮುಂಭಾಗವೇ. ಎಲ್ಲ ಚೆನ್ನಾಗಿ ಬಂದಿದ್ದವು.

ಕೊಡವನ್ನು ತಾನೇ ಒಯ್ದು ಕೊಡುತ್ತೇನೆ ಅಂದ. ಹೆಣ್ಣು ಜೀವ ಒಂದು ಜೊತೆಗಿರಲಿ, ನೀನೂ ಹೋಗು ಎಂದು ಕಾಕಾ ನನಗೆ ಹೇಳಿದರು. ಆ ಕಡೆ ಹೊರಟಿದ್ದ ಟೆಂಪೋ ನಮ್ಮನ್ನು ದಡ್ಡಿಯಲ್ಲಿ ಇಳಿಸಿ ಮುಂದೆ ಹೋಯಿತು. ದಾರಿಯುದ್ದಕ್ಕೂ ಅವನು ಕೊಡವನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ.

ಕೆಂಪವ್ವ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ನಾವು ಎಲ್ಲಿಂದ ಬಂದವರು ಎಂದು ಮಾಲಿಂಗ ಹೇಳುವಷ್ಟರಲ್ಲಿ ಅವನ ಕೈಯಲ್ಲಿದ್ದ ಕೊಡ ನೋಡಿ ಎದ್ದಳು. ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳು ತಾನೇ ಹೋಗಿ ಬಾಯಿಯ ತಗ್ಗಿನಲ್ಲಿ ಕೂತಿತು, ನೋಡುವ ಅಗತ್ಯವೂ ಬೀಳಲಿಲ್ಲ. ಆಕೆಯ ಮುಖ ಅರಳಿತು. ಮದುವೆಗೆ ಮೊದಲೇ ಇದನ್ನು ನೀರಿಗೆ ಒಯ್ದಾಗ ಬಾವಿಕಟ್ಟೆಗೆ ಬಡಿದು ಆದ ತಗ್ಗು, ಅದಕ್ಕಾಗಿ ಆವತ್ತು ಮಗಳಿಗೆ ಬೈದಿದ್ದೆ ಎಂದು ಹೇಳುತ್ತ ಕೊಡವನ್ನು ನಿಧಾನ ತಿರುಗಿಸಿದಳು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ತಿರುಗಿಸಿದಳು. ಕಣ್ಣಿನ ಮೇಲೆ ನಂಬಿಕೆ ಬಾರದೆ ಅಂಗೈಯಿಂದ ಸವರಿ ನೋಡಿದಳು.

“ಹೆಸರೆಲ್ಲಿ ಯಪ್ಪಾ?”

ಮಾಲಿಂಗ ಆಕೆಯ ಮುಂದೆ ನೆಲದ ಮೇಲೆ ಕೂತ. ಹೆಸರಿದ್ದ ಪಾತ್ರೆ ಬೇಗ ಮಾರುವುದಿಲ್ಲ ಎಂದು ತಾನು ಅದನ್ನು ಗೋಡೆಯ ಕಡೆ ತಿರುಗಿಸಿದ್ದು, ಕೊಂಡವರು ಬರಹ ಬೇಡವೆಂದು ತಿಕ್ಕಿಸಿದ್ದು, ಒಂದನ್ನೂ ಬಿಡದೆ ಹೇಳಿದ. ಒಂದನ್ನು ಬಿಟ್ಟ, ಫೋನಿನದು. ನಾನು ಅಂಗಳದ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಅನ್ನಿಸುತ್ತಿತ್ತು. ಉಗುರಿನಿಂದ ಕಂಬ ಕೆರೆಯುತ್ತ ನಿಂತೆ.

ಕೆಂಪವ್ವ ಅಳಲಿಲ್ಲ, ಶಾಪ ಹಾಕಲಿಲ್ಲ. ಕೊಡವನ್ನು ಪಕ್ಕಕ್ಕಿಟ್ಟು ಕೇಳಿದಳು, “ನೀ ಆ ಹೆಸರ ನೋಡಿದ್ದೆಲ್ಲ?”

“ನೋಡಿದ್ದೆರಿ ಅವ್ವಾ.”

“ಹಂಗಾರ ಬರದ ತೋರಸು. ಆಕಿ ಹೆಂಗ ಬರದಿದ್ಳೋ ಹಂಗ.”

ಆಕೆಗೆ ಓದು ಬರಹ ಬಾರದು. ಎದ್ದು ಹೋಗಿ ಒಲೆಯಿಂದ ಒಂದು ಇದ್ದಿಲು ತಂದು ಕೊಟ್ಟಳು. ಮಾಲಿಂಗ ಅಂಗಳದ ಬಂಡೆಯ ಮೇಲೆ ಲಗಮವ್ವ ಎಂದು ಬರೆದ. ಕೆಂಪವ್ವ ಬಗ್ಗಿ ನೋಡಿ, ಇದು ಸಾಲಿಯ ಗೋಡೆ ಮೇಲೆ ಇರುವಂಥದ್ದು, ಅವಳದು ಹೀಗಿರಲಿಲ್ಲ ಅಂದಳು. ಮೊದಲನೇ ಅಕ್ಷರ ಟಗರಿನ ಕೊಂಬಿನ ಹಾಗೆ ಒಳಗೆ ಸುತ್ತಿಕೊಂಡಿತ್ತು, ಕೊನೆಯದು ಕೆಳಗೆ ಜಾರಿತ್ತು ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಅವನು ಒರೆಸಿ ಮತ್ತೆ ಬರೆದ. ಹಾಗಲ್ಲ ಅಂದಳು. ಮೂರನೇ ಸಲ ಬರೆಯತೊಡಗಿದ. ಅರ್ಧಕ್ಕೆ ನಿಲ್ಲಿಸಿದ. ಹನ್ನೆರಡು ವರ್ಷ ಜನರ ಮುಖ, ಎರಡು ವರ್ಷ ಪಾತ್ರೆಗಳ ಮೈ ನೋಡಿ ಹೊಟ್ಟೆ ಹೊರೆದವನು ಅವನು. ಆ ಹೆಸರನ್ನು ಮಾತ್ರ ಮುಚ್ಚಲಿಕ್ಕೆ ಎಷ್ಟು ಬೇಕೋ ಅಷ್ಟೇ ನೋಡಿದ್ದ.

ಕೆಂಪವ್ವ ಅವನ ಕೈಯಿಂದ ಇದ್ದಿಲನ್ನು ತಾನೇ ತೆಗೆದುಕೊಂಡಳು.

“ಬಿಡಪಾ,” ಅಂದಳು. “ನೀ ಅದನ್ನ ನೋಡಿಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಲಿಂಗ ತಲೆ ಬಗ್ಗಿಸಿದವನು ಎತ್ತಲೇ ಇಲ್ಲ. ನೆಲದ ಮೇಲೆ ಅವನ ಕಣ್ಣೀರು ಬಿದ್ದದ್ದನ್ನು ನಾನು ಕಂಡೆ, ಆಕೆಯೂ ಕಂಡಳು. ಮನೆಗೆ ಬಂದವರು ಹಾಗೇ ಹೋಗಬಾರದು ಎಂದು ಚಹಾ ಮಾಡಿ ತಂದುಕೊಟ್ಟಳು. ನಾವು ಕುಡಿದೆವು. ಬೇಡ ಅನ್ನುವುದಕ್ಕೂ ನಮಗೆ ಮುಖವಿರಲಿಲ್ಲ.

ಹೊರಡುವಾಗ ಚಹಾ ಚಲೋ ಆಗಿತ್ರಿ ಎಂದು ನಾನು ಒಂದು ಮಾತು ಆಡಿದೆ. ಆವರೆಗೆ ಆ ಅಂಗಳದಲ್ಲಿ ನಾನು ಬಾಯಿ ತೆರೆದಿರಲಿಲ್ಲ. ಕೆಂಪವ್ವ ಖಾಲಿ ಕಪ್ಪು ಹಿಡಿದುಕೊಂಡು ನನ್ನನ್ನು ನೋಡಿದಳು.

“ನಿನ್ನ ದನಿ ಕೇಳಿದಂಗ ಐತಲ್ಲ ತಂಗೀ. ಆವತ್ತ ಫೋನಿನಾಗ ಒಬ್ಬಾಕಿ ಮಾತಾಡಿದ್ಳು. ಭಾಳ ಸಮಾಧಾನದಿಂದ ಮಾತಾಡಿದ್ಳು. ಆಕಿ ನೀ ಏನು?”

ಮಾಲಿಂಗ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ. ಅವನ ಕಾಲು ಅಲ್ಲಿಯೇ ನಿಂತಿತು. ನಾನು ಹೂಂ ಅನ್ನಬೇಕಾಗಿತ್ತು. ಆಕೆ ಬೈಯುತ್ತಿರಲಿಲ್ಲ, ಈಗಷ್ಟೇ ಕಣ್ಣಾರೆ ಕಂಡಿದ್ದೆ. ಬೈಯುವುದಿಲ್ಲ ಎಂಬುದಕ್ಕೇ ನನಗೆ ಹೆದರಿಕೆಯಾಯಿತು.

“ಅಲ್ರಿ ಅವ್ವಾ,” ಅಂದೆ. “ಆಕಿ ಬ್ಯಾರೆ.”

ಹೌದೇನವಾ, ಆಕೆಗೆ ಕೊಡ ಸಿಕ್ಕಿತು ಅಂತ ಹೇಳು, ಪಾಪ ನನಗಾಗಿ ಹುಡುಕಿದ್ದಳು ಎಂದು ಕೆಂಪವ್ವ ನನ್ನ ಕೈಯಲ್ಲಿ ಒಂದು ಹಿಡಿ ಶೇಂಗಾ ಹಾಕಿದಳು.

ಮಾಲಿಂಗ ಎಲ್ಲವನ್ನೂ ಕೇಳಿಸಿಕೊಂಡ. ಮುಂದೆ ಮುಂದೆ ನಡೆದ. ಹುಕ್ಕೇರಿಯ ಬಸ್ಸು ಬಂತು. ಒಂದೇ ಸೀಟಿನಲ್ಲಿ ಕೂತೆವು, ಶೇಂಗಾ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಕಂಡಕ್ಟರ್ ಬಂದು ಎಷ್ಟು ಜನ ಎಂದು ಕೇಳಿದ. ನಾನು ಎಂದಿನಂತೆ ಆಧಾರ್ ಕಾರ್ಡು ತೋರಿಸಿದೆ, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಮಾಲಿಂಗ ಅಂಗಿಯ ಜೇಬಿಗೆ ಇದ್ದಿಲ ಮಸಿಯ ಕೈ ಹಾಕಿ, ತನ್ನೊಬ್ಬನ ಟಿಕೆಟ್ಟಿಗೆ ದುಡ್ಡು ಕೊಟ್ಟ.